ಕಂಕನಾಡಿಯ ಧರ್ಮಾಸ್ಪತ್ರೆ: ಯೇಸುಸಭೆಯ ಸೇವಾಕಾರ್ಯ ಮತ್ತು ‘ಧರ್ಮ’ದ ಅರ್ಥವಿಸ್ತಾರ

1. ಪ್ರವೇಶ

ಕನ್ನಡದಲ್ಲಿ ಮಿಶನರಿ ಅಧ್ಯಯನವೆಂದರೆ ಬಹುಮಟ್ಟಿಗೆ ಬಾಸೆಲ್ ಮಿಶನ್ನಿನ ಅಧ್ಯಯನವೇ ಆಗಿದೆ. 1843ರ ‘ಮಂಗಳೂರ ಸಮಾಚಾರ’, 1894ರ ಕಿಟೆಲ್ ಕೋಶ, ಮೋಗ್ಲಿಂಗರ ಗ್ರಂಥಸಂಪಾದನೆ ಇವುಗಳ ಋಣ ಕನ್ನಡಕ್ಕೆ ದೊಡ್ಡದಾದುದರಿಂದ ಇದು ಸಹಜವೇ ಹೌದು. ಆದರೆ ಅದೇ ಮಂಗಳೂರಿನಲ್ಲಿ, ಅದೇ ಶತಮಾನದಲ್ಲಿ ನೆಲೆಯೂರಿದ ಕಥೋಲಿಕ ಸಭೆಗಳ ಕಾರ್ಯ ನಮ್ಮ ವಿದ್ವತ್ತಿನ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ. ಇದಕ್ಕೆ ಕಾರಣ ಸ್ಪಷ್ಟ: ನಾವು ಮಿಶನರಿಗಳನ್ನು ಅಳೆದದ್ದು ಅವರು ಕೊಟ್ಟ ಪುಸ್ತಕಗಳಿಂದ. ಕಥೋಲಿಕ ಪಾದ್ರಿಗಳಲ್ಲಿ ಭಾಷಾಸಕ್ತಿಯಿದ್ದವರ ಶ್ರಮವೂ ಹೆಚ್ಚಾಗಿ ಕೊಂಕಣಿಗೆ ಸಂದಿತು. ಯೇಸುಸಭೆಯ ಮಾಫೈಯವರ ಕೊಂಕಣಿ ವ್ಯಾಕರಣ (1882) ಮತ್ತು ನಿಘಂಟು (1883) ಇದಕ್ಕೆ ನಿದರ್ಶನ. ಪುಸ್ತಕವಾಗದ ಸೇವೆ ಸಾಹಿತ್ಯಚರಿತ್ರೆಯ ಹೊರಗೆ ಉಳಿಯಿತು.

ಪ್ರಸ್ತುತ ಲೇಖನದಲ್ಲಿ ಯೇಸುಸಭೆಯ ಪಾದ್ರಿ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಆರಂಭಿಸಿದ ವೈದ್ಯಕೀಯ ಸೇವೆಯನ್ನು ಮುಖ್ಯವಾಗಿಟ್ಟುಕೊಂಡು ಎರಡು ಪ್ರಶ್ನೆಗಳನ್ನು ಪರಿಶೀಲಿಸಲಾಗಿದೆ. ಹೊರಗಿನಿಂದ ಬಂದ ಸೇವೆಯ ಕಲ್ಪನೆಯನ್ನು ಕರಾವಳಿಯ ಸಮಾಜ ತನ್ನ ಯಾವ ಪರಿಭಾಷೆಯಲ್ಲಿ ಅರ್ಥಮಾಡಿಕೊಂಡಿತು? ಆ ಪರಿಭಾಷೆಗೆ ಒಳಪಡದೆ ಉಳಿದದ್ದು ಯಾವುದು?

2. ಚಾರಿತ್ರಿಕ ಹಿನ್ನೆಲೆ

ಜೆಸ್ವಿತರೆಂದು ಹೆಸರಾದ ಯೇಸುಸಭೆಯವರು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದರು. ಇವರಲ್ಲಿ ಹೆಚ್ಚಿನವರು ಇಟಲಿಯವರು. ಬಾಸೆಲ್ ಮಿಶನ್ 1834ರಲ್ಲಿ ಇಲ್ಲಿ ಕಾಲಿಟ್ಟಾಗ ಅದಕ್ಕೆ ಇಲ್ಲಿ ಸ್ವಂತ ಸಭೆಯಿರಲಿಲ್ಲ. ಯೇಸುಸಭೆಯವರ ಸ್ಥಿತಿ ಬೇರೆ. ಗೋವೆಯಿಂದ ವಲಸೆ ಬಂದು ಶತಮಾನಗಳಿಂದ ನೆಲೆಸಿದ್ದ, 1784ರಲ್ಲಿ ಟಿಪ್ಪುವಿನ ಸೆರೆಯನ್ನು ಕಂಡು ಉಳಿದ ಕೊಂಕಣಿ ಕಥೋಲಿಕ ಸಮುದಾಯವೊಂದು ಇಲ್ಲಿತ್ತು. ಕಾರ್ಮೆಲ್ ಸಭೆಯ ಪಾದ್ರಿಗಳು ಈ ಪ್ರಾಂತದ ಹೊಣೆ ಹೊತ್ತಿದ್ದರು; ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು 1870ರಲ್ಲೇ ಹೆಣ್ಣುಮಕ್ಕಳ ಶಿಕ್ಷಣಕ್ಕೆಂದು ಬಂದಿದ್ದರು. ಉನ್ನತ ಶಿಕ್ಷಣದ ಏರ್ಪಾಡು ಬೇಕೆಂದು ಈ ಸಮುದಾಯವೇ ಒತ್ತಾಯಿಸುತ್ತಿತ್ತು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾದದ್ದು ಇದರ ಫಲ.

ಆದುದರಿಂದ ಯೇಸುಸಭೆಯ ಸೇವಾಕಾರ್ಯವನ್ನು ಮತಾಂತರದ ಉಪಕರಣವೆಂದು ಮಾತ್ರ ಓದುವುದು ಚರಿತ್ರೆಗೆ ಹೊಂದುವುದಿಲ್ಲ. ಹಾಗೆಂದು ಧರ್ಮಪ್ರಸಾರದ ಉದ್ದೇಶವೇ ಇರಲಿಲ್ಲವೆನ್ನುವುದೂ ಸರಿಯಲ್ಲ. ಜೆಪ್ಪುವಿನ ಸಂತ ಜೋಸೆಫರ ಅನಾಥಾಲಯ ಮತ್ತು ಕಾರ್ಯಾಗಾರ ಆಶ್ರಯವನ್ನೂ ಮರಗೆಲಸ, ಎರಕದ ಕೆಲಸಗಳ ತರಬೇತಿಯನ್ನೂ ಕೊಟ್ಟಿತು. ಜೊತೆಗೆ ಕ್ರೈಸ್ತ ಬೋಧನೆಯೂ ಇತ್ತು. ಈ ಎರಡನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

3. ಕಂಕನಾಡಿ: ಸೇವೆಯ ವಿಧಾನ

ಮುಲ್ಲರ್ ಜರ್ಮನಿಯ ವೆಸ್ಟ್‌ಫಾಲಿಯಾದವರು. ಕಾಲೇಜಿನ ಅಧ್ಯಾಪಕ ವರ್ಗಕ್ಕೆ ಸೇರಿದವರು. ತಮ್ಮಲ್ಲಿದ್ದ ಹೋಮಿಯೋಪಥಿ ಔಷಧಗಳನ್ನು ವಿದ್ಯಾರ್ಥಿಗಳಿಗೂ ಬಡವರಿಗೂ ಕೊಡತೊಡಗಿ, 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯವನ್ನು ಆರಂಭಿಸಿದರು. ಆಲದ ಮರದ ಕೆಳಗೆ ಮದ್ದು ಹಂಚುತ್ತಿದ್ದರೆಂಬ ಮಾತು ಮಂಗಳೂರಿಗರ ಬಾಯಲ್ಲಿ ಇಂದಿಗೂ ಇದೆ.

ಇಲ್ಲಿ ಗಮನಿಸಬೇಕಾದುದು ಈ ಸೇವೆಯ ಆರ್ಥಿಕ ವ್ಯವಸ್ಥೆ. ಹೋಮಿಯೋಪಥಿ ಗುಳಿಗೆಗಳು ಅಗ್ಗ, ಹಗುರ, ಅಂಚೆಯಲ್ಲಿ ಕಳುಹಿಸಲು ಅನುಕೂಲ. ಕಲ್ಕತ್ತೆಯಲ್ಲಿ 1867ರಿಂದ ಮಹೇಂದ್ರಲಾಲ್ ಸರ್ಕಾರರಂಥವರು ಈ ಪದ್ಧತಿಯನ್ನು ಬಹಿರಂಗವಾಗಿ ಸಮರ್ಥಿಸಿದ್ದರಿಂದ ವಿದ್ಯಾವಂತ ಭಾರತೀಯರಲ್ಲಿ ಇದಕ್ಕೆ ಮನ್ನಣೆಯೂ ಬೆಳೆದಿತ್ತು. ಮುಲ್ಲರ್ ವಿದೇಶದಿಂದ ಔಷಧಗಳನ್ನು ತರಿಸಿ ದೇಶದ ಬೇರೆ ಬೇರೆ ಕಡೆಗೆ ಅಂಚೆಯ ಮೂಲಕ ಮಾರಿದರು. ಆ ಆದಾಯ ಬಡರೋಗಿಗಳ ಆರೈಕೆಗೆ ವಿನಿಯೋಗವಾಯಿತು. ಅಂದರೆ ಕೊಳ್ಳಬಲ್ಲವನ ಹಣದಿಂದ ಕೊಳ್ಳಲಾರದವನ ಚಿಕಿತ್ಸೆ ನಡೆಯಿತು. ದಾನಿಗಳ ನೆರವು ಇದ್ದರೂ ಸಂಸ್ಥೆ ದಾನಿಯ ಮನಸ್ಸನ್ನಷ್ಟೇ ಅವಲಂಬಿಸಲಿಲ್ಲ. ಈ ಔಷಧಗಳ ಗುಣಪರಿಣಾಮ ಬೇರೆಯೇ ವೈದ್ಯಕೀಯ ವಿಚಾರ. ಸಾಮಾಜಿಕ ಚರಿತ್ರೆಯ ದೃಷ್ಟಿಯಿಂದ ಮಾತ್ರ ಈ ಲೆಕ್ಕಾಚಾರವೇ ಮುಖ್ಯ.

1890ರಲ್ಲಿ ಕುಷ್ಠರೋಗಿಗಳ ಆಶ್ರಯಧಾಮ ಸ್ಥಾಪನೆಯಾಯಿತು. ಹವಾಯಿ ದ್ವೀಪಗಳ ಮೊಲೊಕಾಯಿಯಲ್ಲಿ ಕುಷ್ಠರೋಗಿಗಳ ನಡುವೆ ದುಡಿದ ಫಾದರ್ ಡೇಮಿಯನ್ ಅದೇ ರೋಗದಿಂದ ತೀರಿಕೊಂಡದ್ದು 1889ರಲ್ಲಿ. ರೋಗಾಣುವನ್ನು ಹ್ಯಾನ್ಸನ್ 1873ರಲ್ಲಿ ಗುರುತಿಸಿದ್ದರೂ ಪರಿಣಾಮಕಾರಿ ಔಷಧಕ್ಕಾಗಿ 1940ರ ದಶಕದವರೆಗೆ ಕಾಯಬೇಕಾಯಿತು. ಆದುದರಿಂದ ಅಂದು ಆಶ್ರಯಧಾಮ ಕೊಟ್ಟದ್ದು ಗುಣಪಡಿಸುವ ಭರವಸೆಯನ್ನಲ್ಲ. ಮನೆಯಿಂದ ಹೊರಬಿದ್ದವನಿಗೆ ಸೂರು, ಅನ್ನ, ಹುಣ್ಣು ತೊಳೆಯುವ ಕೈ ಇವನ್ನು. ಮುಲ್ಲರ್ 1910ರಲ್ಲಿ ನಿಧನರಾದರು. ಮುಂದೆ ಸಂಸ್ಥೆಯ ಹೊಣೆ ಮಂಗಳೂರು ಧರ್ಮಪ್ರಾಂತಕ್ಕೆ ಬಂದಿತು. 1985ರಲ್ಲಿ ಹೋಮಿಯೋಪಥಿ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು ಇದರೊಳಗೆ ಬೆಳೆದವು.

4. ‘ಧರ್ಮ’ ಎಂಬ ಪದ

ಕರಾವಳಿಯ ಕನ್ನಡದಲ್ಲಿ ‘ಧರ್ಮಕ್ಕೆ ಸಿಕ್ಕಿತು’ ಎಂದರೆ ಹಣವಿಲ್ಲದೆ ಸಿಕ್ಕಿತು ಎಂದರ್ಥ. ತುಳುವಿನ ‘ದರ್ಮೊಗು’, ಕೊಂಕಣಿಯ ‘ಧರ್ಮಾಕ್’ ಇದೇ ಅರ್ಥದವು. ಮೂರು ಭಾಷೆಗಳಲ್ಲೂ ಒಂದೇ ಪದ ಒಂದೇ ದಿಕ್ಕಿನಲ್ಲಿ ಸಾಗಿರುವುದು ಗಮನಾರ್ಹ. ಪಾದ್ರಿಗಳ ಸೇವೆ ಕ್ರೈಸ್ತ ಪ್ರೇಮದ ಆಜ್ಞೆಯಿಂದ ಹೊರಟಿತು. ಅದನ್ನು ಪಡೆದವನು ‘ಧರ್ಮದ ಮದ್ದು’ ಎಂದು ಕರೆಯಲು ಅವನ ಭಾಷೆಯಲ್ಲಿ ಪದ ಸಿದ್ಧವಾಗಿತ್ತು.

ಈ ಪದದ ಹಿಂದೆ ದೀರ್ಘ ಪರಂಪರೆಯಿದೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಜೈನರ ಚತುರ್ವಿಧ ದಾನಗಳು ನಮ್ಮ ಶಾಸನಗಳಿಗೂ ಪ್ರಾಚೀನ ಕಾವ್ಯಗಳಿಗೂ ಪರಿಚಿತ. ಮದ್ದನ್ನು ದಾನವಾಗಿ ಕೊಡುವುದು ಕನ್ನಡಕ್ಕೆ ಹೊಸದಲ್ಲ. ಆದರೆ ರೋಗವನ್ನು ಕಾಣುವ ದೃಷ್ಟಿಯಲ್ಲಿ ವ್ಯತ್ಯಾಸವಿದೆ. ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯ ಕಥೆಯಲ್ಲಿ ವ್ಯಾಧಿ ವೈರಾಗ್ಯಕ್ಕೆ ಒರೆಗಲ್ಲು. ವೈದ್ಯನಾಗಿ ಬಂದ ದೇವನ ಚಿಕಿತ್ಸೆಯನ್ನು ಆ ಮುನಿ ಬಯಸುವುದಿಲ್ಲ. ಅಲ್ಲಿ ರೋಗಿಯೇ ಕಥಾನಾಯಕ. ಕಂಕನಾಡಿಯ ಆಶ್ರಯಧಾಮಕ್ಕೆ ಬಂದ ರೋಗಿಗೆ ಅಂಥ ಆಯ್ಕೆಯಿರಲಿಲ್ಲ. ಅವನ ಕಥೆಯೂ ಉಳಿಯಲಿಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಸಾಂಪ್ರದಾಯಿಕ ದಾನದ ಕೇಂದ್ರ ದಾನಿ. ಶಾಸನದಲ್ಲಿ ಹೆಸರು ಕೆತ್ತಿಸಿಕೊಳ್ಳುವವನು ಅವನೇ. ಪಾತ್ರಾಪಾತ್ರದ ವಿವೇಚನೆಯೂ ಅಲ್ಲಿ ಪ್ರಧಾನ. ಔಷಧಾಲಯದಲ್ಲಾದರೋ ಬಡತನ ಮತ್ತು ರೋಗಗಳೇ ಅರ್ಹತೆ. ‘ಧರ್ಮ’ ಎಂಬ ಹಳೆಯ ಪದ ಈ ಹೊಸ ವ್ಯವಸ್ಥೆಯನ್ನು ಹೆಸರಿಸಿತು. ಹೆಸರಿಸುತ್ತಲೇ ತಾನೂ ಹಿಗ್ಗಿತು.

5. ಮಿತಿಗಳು ಮತ್ತು ಮುಂದಿನ ದಾರಿ

ಆಶ್ರಯಧಾಮವೆಂಬುದು ರಕ್ಷಣೆಯೂ ಹೌದು, ಪ್ರತ್ಯೇಕಿಸುವಿಕೆಯೂ ಹೌದು. 1898ರ ಕುಷ್ಠರೋಗಿಗಳ ಕಾಯಿದೆ ನಿರ್ಗತಿಕ ರೋಗಿಗಳನ್ನು ಕೂಡಿಡುವ ಅಧಿಕಾರವನ್ನು ವಸಾಹತು ಸರಕಾರಕ್ಕೆ ಕೊಟ್ಟ ಕಾಲವದು. ಸೇವಾಧಾಮಗಳನ್ನು ಈ ಹಿನ್ನೆಲೆಯಿಂದ ಬೇರ್ಪಡಿಸಿ ನೋಡಲಾಗದು. ಪಾದ್ರಿಗಳ ಬರಹಗಳಲ್ಲಿ ರೋಗಿ ಕರುಣೆಯ ವಿಷಯವಾಗಿ ಬರುತ್ತಾನೆ, ಮಾತಾಡುವ ವ್ಯಕ್ತಿಯಾಗಿ ಬರುವುದು ವಿರಳ. ಹುಣ್ಣು ತೊಳೆದ, ಗಂಜಿ ಬಡಿಸಿದ ಭಗಿನಿಯರೂ ಸ್ಥಳೀಯ ಕೆಲಸಗಾರರೂ ಬಹುಪಾಲು ಅನಾಮಿಕರು.

ಬಾಸೆಲ್ ಮಿಶನ್ನಿನೊಡನೆ ಹೋಲಿಕೆಯೂ ಉಪಯುಕ್ತ. ಅದು 1865ರಲ್ಲಿ ಜೆಪ್ಪುವಿನ ಬಳಿ ಆರಂಭಿಸಿದ ಹಂಚಿನ ಕಾರ್ಖಾನೆಯೂ ಉದ್ಯೋಗದ ಮೂಲಕ ಆಶ್ರಯ ನೀಡಿತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಬಂಧಿತರಾಗಿ, ಕಾರ್ಖಾನೆಗಳು ಕೈಬದಲಾದವು. ಕಂಕನಾಡಿಯ ಸಂಸ್ಥೆ ಸ್ಥಳೀಯ ಧರ್ಮಪ್ರಾಂತದ ಕೈಗೆ ಬಂದು ಮುಂದುವರಿಯಿತು. ಸೇವೆಯ ಬಾಳಿಕೆಯನ್ನು ನಿರ್ಧರಿಸುವಲ್ಲಿ ಸ್ಥಾಪಕರ ನಿಷ್ಠೆಯಷ್ಟೇ ಸ್ಥಳೀಯ ಸಮುದಾಯದ ಒಡೆತನವೂ ಮುಖ್ಯವೆಂಬುದಕ್ಕೆ ಇದು ಸಾಕ್ಷಿ.

ಒಟ್ಟಿನಲ್ಲಿ, ಮಿಶನರಿಗಳನ್ನು ಸ್ತುತಿಸುವ ಅಥವಾ ಶಂಕಿಸುವ ಎರಡು ಸಿದ್ಧ ನಿಲುವುಗಳ ಆಚೆಗೆ ಈ ಅಧ್ಯಯನ ಸಾಗಬೇಕು. ಅದಕ್ಕೆ ಆಕರಗಳು ಗ್ರಂಥಾಲಯದಲ್ಲಷ್ಟೇ ಇಲ್ಲ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಮನೆಗಳ ಹಿರಿಯರ ನೆನಪಿನಲ್ಲಿ, ‘ಧರ್ಮಕ್ಕೆ’ ಎಂಬಂಥ ಮಾತುಗಳ ಬಳಕೆಯಲ್ಲಿ ಅವು ಉಳಿದಿವೆ. ನೆನಪುಳ್ಳವರು ಇರುವಾಗಲೇ ಅವನ್ನು ಸಂಗ್ರಹಿಸುವುದು ಕನ್ನಡ ವಿಭಾಗಗಳ ಮೇಲಿರುವ ಹೊಣೆ. ಪುಸ್ತಕ ಬರೆಯದೆ ಹೋದವರ ಚರಿತ್ರೆಯೂ, ಹೇಳದೆ ಹೋದ ರೋಗಿಯ ಚರಿತ್ರೆಯೂ ಕನ್ನಡ ಸಂಸ್ಕೃತಿಯ ಚರಿತ್ರೆಯೇ ಆಗಿದೆ.