ದುಡಿಸಿಕೊಳ್ಳುವವರ ಹೊಣೆ

ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಹತ್ತನೆಯ ತರಗತಿ ಮುಗಿಸಿದವರೆಲ್ಲರೂ ಮುಂದೆ ಓದುವುದಿಲ್ಲ. ಕೆಲವರು ಜವಳಿ ಅಂಗಡಿ, ಹೋಟೆಲುಗಳಲ್ಲಿ ಕೆಲಸಕ್ಕೆ ಸೇರುತ್ತಾರೆ. ಸೇರುವಾಗ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆದ ಕಾಗದಕ್ಕೆ ಓದದೆಯೇ ಸಹಿ ಹಾಕುವುದುಂಟು. ಆದುದರಿಂದ ಕೆಲಸ ಕೊಡುವವರ ಮೇಲೆ ಕಾನೂನು ಹೊರಿಸಿರುವ ಮುಖ್ಯ ಹೊಣೆಗಳನ್ನು ನಾವು ಇಲ್ಲಿ ತಿಳಿಯೋಣ.

1. ಸಂಬಳ

ಸಂಬಳವು ಧಣಿಯ ಕೃಪೆಯಲ್ಲ, ತೀರಿಸಬೇಕಾದ ಸಾಲ. ಹಿಂದೆ 1936ರ ವೇತನ ಪಾವತಿ ಕಾಯಿದೆ, 1948ರ ಕನಿಷ್ಠ ವೇತನ ಕಾಯಿದೆ ಮುಂತಾದವು ಇದನ್ನೇ ವಿಧಿಸಿದ್ದವು. ಅವುಗಳ ಜಾಗದಲ್ಲಿ 2019ರ ವೇತನ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಸರಕಾರ ಗೊತ್ತುಪಡಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಬಾರದು. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೆಯ ತಾರೀಕಿನೊಳಗೆ ಕೊಡಬೇಕು. ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಒಂದೇ ಬಗೆಯ ಕೆಲಸಕ್ಕೆ ಗಂಡಸಿಗೊಂದು, ಹೆಂಗಸಿಗೊಂದು ಎಂಬ ದರವಿರಬಾರದು. ಸಾಮಾನು ಒಡೆಯಿತೆಂದು ಮನಸ್ಸಿಗೆ ಬಂದಂತೆ ಸಂಬಳ ಹಿಡಿಯುವಂತಿಲ್ಲ. ಮೊದಲು ಕೆಲಸಗಾರನ ಮಾತು ಕೇಳಬೇಕು. ಎಲ್ಲ ಕಡಿತಗಳೂ ಸೇರಿ ಸಂಬಳದ ಅರ್ಧವನ್ನು ಮೀರಬಾರದು.

2. ವೇಳೆ

ಅಂಗಡಿ, ಹೋಟೆಲುಗಳಿಗೆ ಕೇರಳದಲ್ಲಿ 1960ರ ಪ್ರತ್ಯೇಕ ಕಾಯಿದೆ ಇದೆ. ಅದರಂತೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಹೆಚ್ಚು ದುಡಿಸಿದರೆ ಆ ವೇಳೆಗೆ ಎರಡು ಪಟ್ಟು ಕೂಲಿ. ಒಂದು ಲೆಕ್ಕ ಮಾಡೋಣ: ದಿನಗೂಲಿ 480 ರೂಪಾಯಿಯಾದರೆ ಗಂಟೆಗೆ 60 ರೂಪಾಯಿ. ಎರಡು ಗಂಟೆ ಹೆಚ್ಚು ದುಡಿದವನಿಗೆ ಸಲ್ಲಬೇಕಾದುದು 600 ಅಲ್ಲ, 720 ರೂಪಾಯಿ.

3. ರಜೆ

ವಾರಕ್ಕೊಂದು ದಿನ ರಜೆ ಕೊಡಲೇಬೇಕು. ಒಂದು ವರ್ಷ ದುಡಿದವರಿಗೆ ಸಂಬಳಸಹಿತ ವಾರ್ಷಿಕ ರಜೆಯೂ ಸಲ್ಲುತ್ತದೆ. ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರಬೇಕಾಗಿದ್ದ ಹೆಣ್ಣುಮಕ್ಕಳು ಕೋಝಿಕ್ಕೋಡಿನಲ್ಲಿ ಹೋರಾಡಿದ ಫಲವಾಗಿ, 2018ರ ತಿದ್ದುಪಡಿಯಿಂದ ಕುಳಿತುಕೊಳ್ಳಲು ಆಸನ ಒದಗಿಸುವುದೂ ಮಾಲಿಕರ ಹೊಣೆಯಾಯಿತು.

4. ದಾಖಲೆ

ಹಾಜರಿ, ಸಂಬಳಗಳ ಪುಸ್ತಕ ಇಡುವುದು ಮಾಲಿಕರ ಕೆಲಸ. ಇದರ ಮಹತ್ತ್ವ ಬಹಳ ಜನರಿಗೆ ತಿಳಿಯದು. ಸಂಬಳ ಬಂದಿಲ್ಲವೆಂದು ಕೆಲಸಗಾರನು ದೂರು ಕೊಟ್ಟರೆ, ಕೊಟ್ಟಿದ್ದೇವೆ ಎಂದು ರುಜುವಾತುಪಡಿಸಬೇಕಾದವರು ಮಾಲಿಕರೇ. ದೂರು ಕೊಡಲು ಮೂರು ವರ್ಷಗಳ ಅವಧಿ ಇದೆ. "ನನಗೆ ಬರಬೇಕಾದ ಸಂಬಳ ಬೇಡ" ಎಂದು ಬರೆಸಿಕೊಂಡ ಕರಾರು ಕಾನೂನಿನ ಮುಂದೆ ನಿಲ್ಲದು.

ಇಷ್ಟೆಲ್ಲ ಕೊಟ್ಟರೆ ಉದ್ಯಮ ನಡೆಯುವುದೆಂತು ಎಂದು ಕೇಳುವವರಿದ್ದಾರೆ. ಇದಕ್ಕೆ ನಮ್ಮ ಸೀಮೆಯ ಚರಿತ್ರೆಯಲ್ಲಿಯೇ ಉತ್ತರವಿದೆ. 1966ರ ಬೀಡಿ ಕಾರ್ಮಿಕರ ಕಾಯಿದೆಯನ್ನು ಕೇರಳ ಜಾರಿಗೊಳಿಸಲು ಹೊರಟಾಗ, ಮಂಗಳೂರು ಮೂಲದ ಕೆಲವು ಬೀಡಿ ಧಣಿಗಳು ಕಣ್ಣೂರು ಜಿಲ್ಲೆಯ ತಮ್ಮ ಕೇಂದ್ರಗಳನ್ನು ಮುಚ್ಚಿದರು. ಕಾಸರಗೋಡು 1984ರವರೆಗೆ ಆ ಜಿಲ್ಲೆಗೇ ಸೇರಿತ್ತು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. 1969ರಲ್ಲಿ ಸರಕಾರದ ನೆರವಿನಿಂದ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಕಾರ್ಮಿಕರದ್ದೇ ಆದ ಆ ಸಂಘವು ಕನಿಷ್ಠ ಕೂಲಿ, ರಜೆ, ಬೋನಸುಗಳನ್ನು ಕೊಟ್ಟೂ ಉದ್ಯಮ ನಡೆಸಬಹುದೆಂದು ತೋರಿಸಿಕೊಟ್ಟಿತು.

ವಿದ್ಯಾರ್ಥಿಗಳೇ, ಕೆಲಸಕ್ಕೆ ಸೇರಿದರೆ ಮೂರು ಸಂಗತಿಗಳನ್ನು ಮರೆಯಬೇಡಿ. ತಿಳಿಯದ ಭಾಷೆಯ ಕಾಗದವನ್ನು ಬಲ್ಲವರಿಂದ ಓದಿಸಿಯೇ ಸಹಿ ಹಾಕಿರಿ. ಹೋದ ವೇಳೆ, ಬಂದ ವೇಳೆ, ಪಡೆದ ಹಣ ಇವನ್ನು ಒಂದು ಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದಿಡಿರಿ. ಅನ್ಯಾಯವಾದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿರಿ. ಮಂಗಳೂರಿನಲ್ಲಿ ದುಡಿಯುವವರಿಗೆ ಅಂಗಡಿಗಳ ವಿಷಯದಲ್ಲಿ ಕರ್ನಾಟಕದ ಕಾಯಿದೆ ಅನ್ವಯಿಸುತ್ತದೆ. ನಿಯತ್ತಿನಿಂದ ದುಡಿಯುವುದು ನಿಮ್ಮ ಕರ್ತವ್ಯ. ನಾಳೆ ನಿಮ್ಮಲ್ಲಿಯೇ ಕೆಲವರು ಅಂಗಡಿ ತೆರೆದು ನಾಲ್ಕು ಜನರಿಗೆ ಕೆಲಸ ಕೊಡುವವರಾಗಬಹುದು. ಆಗಲೂ ಈ ಪಾಠ ನೆನಪಿರಲಿ.