ಎರಡೂ ದವಾಖಾನೆ ಒಲ್ಲೆ ಅಂದಾಗ

ಅಂಗವಿಕಲ ಹೆಣ್ಣುಮಕ್ಕಳಿಗಾಗಿ ಕ್ಯಾಥೊಲಿಕ್ ಸಿಸ್ಟರುಗಳು ನಡೆಸುವ ಆಶ್ರಯಮನೆಗೆ ಮೊದಲ ಸಲ ಸೇವೆಗೆ ಹೊರಟವರಿಗೆ ಈ ಮಾತು. ಮಹಾಲಿಂಗಪುರದವರಿರಲಿ, ಜಮಖಂಡಿ, ಮುಧೋಳ, ಬೀಳಗಿ ಕಡೆಯವರಿರಲಿ, ಬಹಳ ಮಂದಿ ಅದನ್ನು ಆಸ್ಪತ್ರೆ ಅಂದುಕೊಂಡೇ ಹೋಗುತ್ತಾರೆ. ಕೆಲವರು ಅನಾಥಾಲಯ ಅಂದುಕೊಳ್ಳುತ್ತಾರೆ. ಎರಡೂ ಅಲ್ಲ. ಇಂಥ ಮನೆ ಯಾಕೆ ಹುಟ್ಟಿತು ಎಂಬುದನ್ನು ಮೊದಲು ತಿಳಿದುಕೊಂಡರೆ ಉಳಿದದ್ದು ಸಲೀಸು.

1827ರಲ್ಲಿ ಇಟಲಿಯ ಟ್ಯೂರಿನ್ ನಗರಕ್ಕೆ ಒಬ್ಬ ಪರಊರಿನ ಬಸುರಿ ಹೆಂಗಸು ಜಡ್ಡು ಬಿದ್ದು ಬಂದಳು. ಬಸುರಿಯೆಂದು ಸಾಮಾನ್ಯ ಆಸ್ಪತ್ರೆ ಒಲ್ಲೆ ಅಂತು. ರೋಗಿಯೆಂದು ಹೆರಿಗೆ ಆಸ್ಪತ್ರೆ ಒಲ್ಲೆ ಅಂತು. ಅವಳು ಸತ್ತೇಹೋದಳು. ಕೊನೆ ಗಳಿಗೆಯಲ್ಲಿ ಅವಳ ಬಳಿ ಇದ್ದ ಪಾದ್ರಿ ಕೊಟ್ಟೊಲೆಂಗೊ ಮರುವರ್ಷವೇ ಯಾರೂ ಸೇರಿಸಿಕೊಳ್ಳದವರಿಗಾಗಿ ಬಾಡಿಗೆ ಕೋಣೆಗಳಲ್ಲಿ ಆಸರೆ ತೆರೆದ. 1832ರಲ್ಲಿ ಅದು ದೊಡ್ಡ ಜಾಗಕ್ಕೆ ಹೋಗಿ, ಅಪಸ್ಮಾರ ಇರುವವರು, ಕಿವುಡರು, ಬುದ್ಧಿಮಾಂದ್ಯರು ಎಲ್ಲರೂ ಒಟ್ಟಿಗೆ ಬಾಳುವ ಮನೆಯಾಗಿ ಬೆಳೆಯಿತು. ಯಾವ ಕಚೇರಿಯ ರಿಜಿಸ್ಟರಿನಲ್ಲೂ ಜಾಗ ಸಿಗದವರಿಗೆ ಜಾಗ ಕೊಡುವುದು: ಇಂಥ ಮನೆಗಳ ಕೆಲಸ ಇವತ್ತಿಗೂ ಅದೇ.

ನಮ್ಮ ದೇಶದಲ್ಲಿ ಎಲ್ಲರಿಗೂ ಗೊತ್ತಿರುವುದು ಮದರ್ ತೆರೇಸಾ. ಮಿಷನರೀಸ್ ಆಫ್ ಚಾರಿಟಿ 1950ರಲ್ಲಿ ಶುರುವಾಯಿತು. ಎರಡು ವರ್ಷದ ಮೇಲೆ ಕೋಲ್ಕತ್ತದ ಕಾಳೀಘಾಟ್ ಗುಡಿಯ ಪಕ್ಕದ ಹಳೇ ಧರ್ಮಶಾಲೆಯಲ್ಲಿ ನಿರ್ಮಲ ಹೃದಯ ತೆರೆಯಿತು. ಕರ್ನಾಟಕದ ಚರಿತ್ರೆ ಇನ್ನೂ ಹಳೆಯದು. ಫಾದರ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಔಷಧಾಲಯ ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು. ಬೆಂಗಳೂರಿನಲ್ಲಿ ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್ 1900ರಿಂದ ದಿಕ್ಕಿಲ್ಲದ ಮುದುಕರನ್ನು ನೋಡಿಕೊಳ್ಳುತ್ತಿದ್ದಾರೆ. ಮಠದ ದಾಸೋಹ ಕಂಡ ನಮ್ಮ ಜನಕ್ಕೆ ಇದು ತೀರ ಹೊಸದಲ್ಲ. ಆದರೆ ದಾಸೋಹಕ್ಕೆ ಬಂದವರು ಉಂಡು ಎದ್ದುಹೋಗುತ್ತಾರೆ. ಇಲ್ಲಿಗೆ ಬಂದವರಲ್ಲಿ ಅನೇಕರು ಮೂವತ್ತು-ನಾಲ್ವತ್ತು ವರ್ಷ ಇಲ್ಲೇ ಇರುತ್ತಾರೆ.

ಹೆಣ್ಣುಮಕ್ಕಳಿಗೇ ಬೇರೆ ಮನೆ ಯಾಕೆ? ಕಬ್ಬಿನ ಗದ್ದೆಗೋ ಮಗ್ಗದ ಕೆಲಸಕ್ಕೋ ಅವ್ವ-ಅಪ್ಪ ಇಬ್ಬರೂ ಹೋಗುವ ಮನೆಯಲ್ಲಿ, ಮಾತು ಬಾರದ, ಬುದ್ಧಿ ಬೆಳೆಯದ, ವಯಸ್ಸಿಗೆ ಬಂದ ಮಗಳನ್ನು ದಿನವಿಡೀ ಕಾಯುವವರು ಯಾರು? ಯಾರಾದರೂ ಕೈ ಹಾಕಿದರೂ ಅವಳು ಹೇಳಲಾರಳು. ಮಗನಾಗಿದ್ದರೆ ಅಂಗಳದಲ್ಲಿ ಕೂತಿರುತ್ತಿದ್ದ, ಮಗಳನ್ನು ಒಳಗೆ ಹಾಕಿ ಚಿಲಕ ಬಡಿಯುತ್ತಾರೆ. ಅವ್ವ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿ ಅವಳ ಪಾಲಿನ ರೊಟ್ಟಿಯೂ ಲೆಕ್ಕಕ್ಕೆ ಬರುತ್ತದೆ. ಅವ್ವ-ಅಪ್ಪನನ್ನು ಬೈಯುವುದು ಸುಲಭ, ನಾನು ಬೈಯಲಾರೆ.

ಹೊಸಬರ ಕೈಗೆ ಮೊದಲು ಬರುವ ಕೆಲಸ ಉಣ್ಣಿಸುವುದು. ಇದನ್ನು ಹಗುರವಾಗಿ ತಗೋಬೇಡಿ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈ ಹತೋಟಿಗೆ ಬಾರದ ಸ್ಥಿತಿ) ಇರುವವಳನ್ನು ಮಲಗಿಸಿ ಉಣ್ಣಿಸಿದರೆ ಅನ್ನ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆದೀತು. ನೆಟ್ಟಗೆ ಕೂರಿಸಿ, ಬೆನ್ನಿಗೆ ದಿಂಬು ಕೊಡಿ, ಗದ್ದ ತುಸು ಕೆಳಗಿರಲಿ. ನೀವು ನಿಂತುಕೊಂಡು ಉಣ್ಣಿಸಿದರೆ ಅವಳು ಕತ್ತು ಮೇಲೆತ್ತುತ್ತಾಳೆ, ಅಲ್ಲೇ ನೆತ್ತಿಗೇರುತ್ತದೆ. ಅದಕ್ಕೆ ಅವಳ ಕಣ್ಣಿಗೆ ಸಮನಾಗಿ ಕೂತುಕೊಳ್ಳಿ. ರೊಟ್ಟಿಯನ್ನು ಬೇಳೆಯಲ್ಲಿ ಮೆತ್ತಗಾಗುವ ತನಕ ನೆನೆಸಿ, ಅರ್ಧ ಚಮಚವಷ್ಟೇ ಕೊಟ್ಟು ಗಂಟಲು ನೋಡಿ: ನುಂಗಿದ್ದು ಕಂಡ ಮೇಲೆ ಮುಂದಿನ ಚಮಚ. ಉಂಡ ಮೇಲೂ ಅರ್ಧ ತಾಸು ಮಲಗಿಸಬೇಡಿ. ಒಂದು ಊಟಕ್ಕೆ ಮುಕ್ಕಾಲು ತಾಸು ಹಿಡಿಯಬಹುದು, ಹಿಡಿಯಲಿ.

ಫಿಟ್ಸ್ ಬಂದರೆ ಕೈಗೆ ಕೀಲಿಕೈ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ನಮ್ಮ ಕಡೆಯ ಹಳೇ ಚಾಳಿ. ಅದೆಲ್ಲ ಬೇಡ. ಬಾಯಲ್ಲಿ ಏನನ್ನೂ ತುರುಕಬೇಡಿ, ಒತ್ತಿ ಹಿಡಿಯಲೂಬೇಡಿ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೇ.

ಇನ್ನೊಂದು ಪ್ರಶ್ನೆಯನ್ನು ಜನ ಪಿಸುಮಾತಿನಲ್ಲಿ ಕೇಳುತ್ತಾರೆ: ಅಲ್ಲಿ ಮತ ಬದಲಿಸುತ್ತಾರೇನು? ಸಿಸ್ಟರುಗಳಿಗೆ ಬೆಳಗಿನ ಪ್ರಾರ್ಥನೆ ಇದ್ದೇ ಇರುತ್ತದೆ, ಪ್ರಾರ್ಥನಾಲಯವೂ ಇರುತ್ತದೆ. ಕಾಳೀಘಾಟಿನ ಮನೆಯಲ್ಲಿ ತೀರಿಕೊಂಡವರ ಅಂತ್ಯಕ್ರಿಯೆಯನ್ನು ಅವರವರ ಧರ್ಮದಂತೆ ಮಾಡುವ ರೂಢಿ ನಡೆದುಬಂದಿದೆ. ನೀವು ಹೋಗುವ ಮನೆಯಲ್ಲಿ ಹೇಗೆ ಎಂದು ನೇರವಾಗಿ ಕೇಳಿ. ಕೇಳುವುದರಲ್ಲಿ ಅಪಮಾನವೇನಿಲ್ಲ.

ದುಡ್ಡಿನ ಮೂಲ ದಾನ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮಿಷನರೀಸ್ ಆಫ್ ಚಾರಿಟಿಯ ವಿದೇಶಿ ದೇಣಿಗೆಯ ಪರವಾನಗಿ ನವೀಕರಿಸಲಿಲ್ಲ, 2022ರ ಜನವರಿಯಲ್ಲಿ ಮತ್ತೆ ಕೊಟ್ಟಿತು. ಅಂಥ ದೊಡ್ಡ ಸಂಸ್ಥೆಗೇ ಆ ಗತಿಯಾದರೆ ಸಣ್ಣ ಮನೆಗಳ ಪಾಡು ಊಹಿಸಿಕೊಳ್ಳಿ.

ದಾನದ ಮನೆ ಎಂದ ಮಾತ್ರಕ್ಕೆ ಕಾನೂನಿಗೆ ಹೊರತಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ, ಇಂಥ ಸಂಸ್ಥೆಗಳು ನೋಂದಣಿ ಮಾಡಿಸಿಕೊಳ್ಳಬೇಕು ಎನ್ನುತ್ತದೆ. ಅಂಗವಿಕಲರಿಗೆ ಸಮಾಜದ ನಡುವೆ ಬಾಳುವ ಹಕ್ಕಿದೆ ಎಂದೂ ಅದೇ ಕಾಯ್ದೆ ಹೇಳುತ್ತದೆ. ಅಂದಮೇಲೆ ಮನೆಯಲ್ಲೇ ಇಟ್ಟುಕೊಳ್ಳಲು ಸಾಧ್ಯವಿರುವವರನ್ನು ಮೊದಲು ಮನೆಯಲ್ಲೇ ಇಟ್ಟುಕೊಳ್ಳಲು ನೋಡಬೇಕು. ನಿಮ್ಮ ಮನೆಯಲ್ಲೇ ಇಂಥವರಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದು ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಮಾಸಾಶನದ ಅರ್ಜಿ ಹಾಕಿಸಿ. ಅದು ಆಗದಿದ್ದರೆ, ಅಥವಾ ಸಾಲದಿದ್ದರೆ, ಆಗ ಸಿಸ್ಟರುಗಳ ಮನೆಯ ಮಾತು. ಸೇರಿಸಿದ ಮೇಲೆ ಜಾತ್ರೆಗೋ ಹಬ್ಬಕ್ಕೋ ಹೋಗಿ ಮಾತಾಡಿಸಿ ಬನ್ನಿ. ಹಳೇ ಸೀರೆಯ ಗಂಟು ಒಯ್ಯಬೇಡಿ. ಹಾಸಿಗೆ ಹಿಡಿದವರಿಗೆ ಸೀರೆ ಉಡಿಸುವುದು ಕಷ್ಟ. ಮುಂದೆ ಗುಂಡಿಯಿರುವ ನೈಟಿ, ದೊಡ್ಡವರ ಡೈಪರ್, ಒಳ್ಳೆ ಬೆಲ್ಲ ಬೇಕಾಗುತ್ತವೆ. ಮಹಾಲಿಂಗಪುರದವರಿಗೆ ಬೆಲ್ಲದ ಬಗ್ಗೆ ನಾನು ಹೇಳಬೇಕಾದ್ದೇನಿಲ್ಲ. ಸಕ್ಕರೆ ಕಾಯಿಲೆ ಯಾರಿಗಿದೆ ಎಂದು ಸಿಸ್ಟರನ್ನು ಕೇಳಿಕೊಂಡು ಕೊಡಿ.