ಕೆರೆ ಹೊಳೆಗಳಲ್ಲಿ ಮೀನಿನ ಸಂರಕ್ಷಣೆ

ಬಿತ್ತನೆಗೆಂದು ಇಟ್ಟ ಕಾಳನ್ನು ಉಂಡ ಬೇಸಾಯಗಾರನಿಗೆ ಮರುವರ್ಷ ಬೆಳೆಯಿಲ್ಲವೆಂಬುದು ಸರ್ವರಿಗೂ ವಿದಿತವಾದ ವಿಷಯ. ಮೀನಿಗೂ ಇದೇ ನ್ಯಾಯವು ಅನ್ವಯಿಸುತ್ತದೆ.

ಕರ್ನಾಟಕದ ಕರಾವಳಿಯಲ್ಲಿ ಪ್ರತಿ ವರ್ಷವೂ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿವಸ, ಯಂತ್ರದೋಣಿಗಳ ಮೀನುಗಾರಿಕೆಯನ್ನು ಸರ್ಕಾರವು ನಿಲ್ಲಿಸುತ್ತದೆ. ಮುಂಗಾರಿನಲ್ಲಿ ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವುದೇ ಇದಕ್ಕೆ ಮುಖ್ಯ ಕಾರಣ. ಸಂಪಾದನೆಯಿಲ್ಲದ ತಿಂಗಳುಗಳಿಗಾಗಿ ಮೀನುಗಾರರ ಉಳಿತಾಯಕ್ಕೆ ಸರ್ಕಾರವೂ ಹಣ ಸೇರಿಸುವ ಯೋಜನೆಯು ಏರ್ಪಟ್ಟಿತು. ಜೀವನೋಪಾಯವನ್ನು ಗಮನಿಸದ ನಿಷೇಧವು ನಿಲ್ಲಲಾರದೆಂಬುದು ಇದರ ತಾತ್ಪರ್ಯ.

ಸಮುದ್ರವಿಲ್ಲದ ಸೀಮೆಗೂ ಈ ನೀತಿಯು ಹೊಸದಲ್ಲ. ಮೈಸೂರು ಸಂಸ್ಥಾನವು 1901ರಲ್ಲಿಯೇ ಬೇಟೆಯ ಪ್ರಾಣಿಗಳ ಮತ್ತು ಮೀನಿನ ರಕ್ಷಣೆಗೆ ರೆಗ್ಯುಲೇಷನ್ ಮಾಡಿತ್ತು. ಒಳನಾಡು ಮೀನುಗಾರಿಕೆಗೆ 1996ರ ಕರ್ನಾಟಕ ಕಾಯಿದೆಯಿದೆ. ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟು, ಡಾ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಗಿ, 2022ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ಅಲ್ಲಿನ ಕೊಕ್ಕರೆಗಳು ಸುತ್ತಣ ಕೆರೆ ಗದ್ದೆಗಳಲ್ಲಿಯೂ ಆಹಾರ ಹುಡುಕುವುದರಿಂದ ಕೆರೆಯ ಮೀನು ಕೆಟ್ಟರೆ ಪಕ್ಷಿಧಾಮಕ್ಕೂ ಕೇಡು. ಕಾವೇರಿಯ ಡುಬ್ಬದ ಮಹಶೀರ್ ಮೀನು 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿದುದು ಎಚ್ಚರಿಕೆಯ ಸಂಗತಿ.

ಕೃಷ್ಣರಾಜಸಾಗರ, ಪಾಂಡವಪುರದ ತೊಣ್ಣೂರು ಕೆರೆ, ಕೆ.ಆರ್. ಪೇಟೆಯ ಹೇಮಾವತಿ, ನಾಗಮಂಗಲದ ಕೆರೆಗಳು, ಇವೆಲ್ಲವೂ ಸಾರ್ವಜನಿಕರ ಸ್ವತ್ತು. ಕಾಟ್ಲ, ರೋಹು, ಮೃಗಾಲ್ ಮೀನುಗಳು ಕೆರೆಯ ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿಮಾಡುವುದಿಲ್ಲ. ಆದ್ದರಿಂದ ಮರಿಗಳನ್ನು ತಂದು ಬಿಡಬೇಕು. ನಾಡಮೀನುಗಳಲ್ಲಿ ಅನೇಕವು ಹೊಸನೀರು ಬಂದಾಗ ಮೊಟ್ಟೆಯಿಡುವ ಸಲುವಾಗಿ ಹರಿವಿಗೆ ಎದುರಾಗಿ ಏರುತ್ತವೆ. ಆಗ ಕೋಡಿಯಲ್ಲಿ ಬಲೆಯೊಡ್ಡಿ ಹಿಡಿದ ಒಂದು ಮೀನಿನೊಡನೆ ಸಾವಿರಾರು ಮರಿಗಳೂ ನಷ್ಟವಾಗುತ್ತವೆ.

ಗ್ರಾಮಗಳ ಮುಖಂಡರೂ ಭೂಮಾಲೀಕರೂ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು:

1. ಮುಂಗಾರಿನ ಹೊಸನೀರಿನಲ್ಲಿ ಕೋಡಿ, ಹಳ್ಳ, ಕಾಲುವೆಗಳಿಗೆ ಅಡ್ಡಬಲೆ ಕಟ್ಟಿಸಕೂಡದು.

2. ಸಿಡಿಮದ್ದನ್ನಾಗಲಿ ವಿಷವನ್ನಾಗಲಿ ನೀರಿಗೆ ಹಾಕುವವರನ್ನು ತಡೆದು ಅಧಿಕಾರಿಗಳಿಗೆ ತಿಳಿಸಬೇಕು. ಕೀಟನಾಶಕ ಹೊಡೆದ ಪಂಪನ್ನು ಕೆರೆಯಲ್ಲಿ ತೊಳೆಯಬಾರದು.

3. ಸಣ್ಣ ಕಣ್ಣಿನ ಬಲೆಯನ್ನು ಬಿಟ್ಟು, ಮರಿ ತಪ್ಪಿಸಿಕೊಳ್ಳುವಷ್ಟು ಕಣ್ಣುಳ್ಳ ಬಲೆಯನ್ನೇ ಬಳಸಬೇಕು.

4. ನಿಷೇಧಕ್ಕೊಳಗಾದ ಆಫ್ರಿಕದ ಕ್ಯಾಟ್‌ಫಿಶ್ ಸಾಕಬಾರದು; ಅದು ತಪ್ಪಿಸಿಕೊಂಡರೆ ನಾಡಮೀನುಗಳ ಮರಿಗಳನ್ನು ತಿಂದುಬಿಡುತ್ತದೆ.

5. ಬೇಸಗೆಯಲ್ಲಿ ಕೆರೆಯನ್ನು ಪೂರ್ತಿ ಬರಿದುಮಾಡದೆ ಆಳದ ಮಡುವಿನಲ್ಲಿ ಸ್ವಲ್ಪ ನೀರುಳಿಸಬೇಕು.

ಒಂದೇ ವರ್ಷದ ಗುತ್ತಿಗೆದಾರನು ಇದ್ದುದನ್ನೆಲ್ಲ ಹಿಡಿದು ಹೋಗಲು ಇಚ್ಛಿಸುವುದು ಸಹಜ. ಗುತ್ತಿಗೆಯು ಹಲವು ವರ್ಷಗಳಿಗಿದ್ದರೆ ಮರಿ ಬಿಡುವುದೂ ಮರಿಯನ್ನು ಕಾಯುವುದೂ ಅವನಿಗೇ ಲಾಭಕರವಾಗುವುದು. ಗ್ರಾಮ ಪಂಚಾಯಿತಿಯ ಅಧೀನದ ಕೆರೆಗಳನ್ನು ಗುತ್ತಿಗೆಗೆ ಕೊಡುವಾಗ ಮೇಲ್ಕಂಡ ಅಂಶಗಳನ್ನು ಷರತ್ತುಗಳಲ್ಲಿ ಸೇರಿಸುವುದೂ, ಕೆರೆಯನ್ನೇ ನಂಬಿದ ಸ್ಥಳೀಯ ಮೀನುಗಾರರನ್ನು ಮರೆಯದಿರುವುದೂ ಮುಖಂಡರ ಕರ್ತವ್ಯ.